ಗ್ಯಾಸ್ಟ್ರಿಕ್ ಬೈಪಾಸ್ ಆದವರಿಗೆ ಪಾಯಸ ಹೋಳಿಗೆಗಿಂತ ಕಷ್ಟ
ತೂಕ ಇಳಿಸುವ ಆಪರೇಷನ್ ಆದಮೇಲೆ ಸಿಹಿ ಯಾರಿಗೂ ಒಗ್ಗುವುದಿಲ್ಲ ಎಂಬ ಮಾತಿದೆ. ಪೂರ್ತಿ ಸರಿಯಲ್ಲ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದ ಪುಟ್ಟ ಚೀಲವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವುದರಿಂದ ಆಹಾರ ಜಠರದ ಕೆಳಬಾಗಿಲನ್ನು ದಾಟುವುದೇ ಇಲ್ಲ; ಸಕ್ಕರೆ ಸಣ್ಣ ಕರುಳಿಗೆ ಒಮ್ಮೆಲೇ ಇಳಿದು ನೀರೆಳೆಯುತ್ತದೆ. 10ರಿಂದ 30 ನಿಮಿಷದೊಳಗೆ ಹೊಟ್ಟೆ ನುಲಿತ, ಎದೆಬಡಿತ, ಭೇದಿ. ಸ್ಲೀವ್ ಎಂಬ ಇನ್ನೊಂದು ಆಪರೇಷನ್‌ನಲ್ಲಿ ಜಠರವನ್ನು ಕತ್ತರಿಸಿ ಕಿರಿದಾಗಿಸಿದರೂ ಆ ಬಾಗಿಲು ಉಳಿದಿರುವುದರಿಂದ ತೊಂದರೆ ಸಾಮಾನ್ಯವಾಗಿ ಕಡಿಮೆ.

ನಿಜವಾಗಿ ಹೆದರಬೇಕಾದ್ದು ಊಟವಾಗಿ 1ರಿಂದ 3 ಗಂಟೆಯ ಮೇಲೆ ಬರುವ ನಡುಕ, ಬೆವರಿಗೆ. ಇನ್ಸುಲಿನ್ ಅತಿಯಾಗಿ ಸ್ರವಿಸಿ ರಕ್ತದ ಸಕ್ಕರೆ ಕುಸಿದಿರುತ್ತದೆ. ಗ್ಲೂಕೋಮೀಟರ್ 70 mg/dLಗಿಂತ ಕಡಿಮೆ ತೋರಿಸಿದರೆ 15 ಗ್ರಾಂ ಗ್ಲೂಕೋಸ್, ಚೇತರಿಸಿಕೊಂಡ ಮೇಲೆ ಮೊಟ್ಟೆಯೋ ಪನೀರೋ. ಬರೀ ಸಿಹಿ ತಿಂದು ಸುಮ್ಮನಾದರೆ ಮತ್ತೆ ಕುಸಿಯಬಹುದು. ಪದೇ ಪದೇ ಹೀಗಾದರೆ ದಯವಿಟ್ಟು ಸರ್ಜನ್‌ಗೆ ತಿಳಿಸಿ.

ದ್ರವವಾದ್ದರಿಂದ ಬೇಗ ಕರುಳಿಗಿಳಿಯುವ ಪಾಯಸ, ಜ್ಯೂಸ್ ಖಾಲಿ ಹೊಟ್ಟೆಗೆ ಬೇಡವೇ ಬೇಡ. ಹೋಳಿಗೆ ಬೇಕೇ ಬೇಕೆನಿಸಿದರೆ ಮೊದಲು ಪ್ರೊಟೀನ್, ಆಮೇಲೆ ಒಂದೆರಡು ತುತ್ತು, ನೀರು ಅರ್ಧ ಗಂಟೆ ಬಿಟ್ಟು.