ಗುಂಡಿಗೆ ತಕ್ಕ ಸೈಕಲ್

"ಮಳೆ ನಿಂತ ಮೇಲೆ ಗುಂಡಿ ಮುಚ್ಚುತ್ತೇವೆ" ಎಂಬ ಹೇಳಿಕೆ ಈ ಸಲವೂ ಪೇಪರಿನಲ್ಲಿ ಬಂತು. ಚಿಕ್ಕಮಗಳೂರಿನಲ್ಲಿ ಮುಂಗಾರು ತಡವಾದರೂ ಈ ಹೇಳಿಕೆ ತಡವಾಗುವುದಿಲ್ಲ. ರಸ್ತೆ ರಿಪೇರಿ ತಮ್ಮ ಜೀವಮಾನದಲ್ಲಿ ಆಗುವ ಕೆಲಸವಲ್ಲ ಎಂದು ಖಾತ್ರಿಯಾದ ಕೆಲವರು ಈಗ ರಸ್ತೆಗೆ ತಕ್ಕ ಹಾಗೆ ಸೈಕಲ್ಲನ್ನೇ ಹೇಳಿ ಮಾಡಿಸಿಕೊಳ್ಳುತ್ತಿದ್ದಾರೆ. ಸಾಮಾನು ಹೇರಿಕೊಂಡು ದೂರ ಹೋಗಲೆಂದು ಕೈಯಲ್ಲೇ ಕಟ್ಟಿದ ಸ್ಟೀಲ್ ಟೂರಿಂಗ್ ಸೈಕಲ್, ಬೆಲೆ ಲಕ್ಷ ದಾಟುತ್ತದೆ. ಸರ್ಕಾರದ ಮೇಲೆ ಇಷ್ಟು ಕಮ್ಮಿ ಹೊರೆ ಹಾಕುವ ಪ್ರಜೆಗಳಿಗೆ ರಾಜ್ಯೋತ್ಸವ ಪ್ರಶಸ್ತಿಯನ್ನಾದರೂ ಕೊಡಬೇಕು.

ಫ್ರೇಮ್ ಕಟ್ಟುವವರು ಕಾಲು, ತೋಳು, ಭುಜ, ಮೈತೂಕ, ಹೇರುವ ಸಾಮಾನು ಎಲ್ಲದರ ಅಳತೆ ಕೇಳುತ್ತಾರೆ. ರಸ್ತೆಯ ಅಳತೆ ಮಾತ್ರ ಕೇಳುವುದಿಲ್ಲ, ಅದನ್ನು ನಾವೇ ಬರೆದು ಕಳಿಸಬೇಕು. ಚೈನ್‌ಸ್ಟೇ, ಅಂದರೆ ಪೆಡಲಿನ ಬುಡದಿಂದ ಹಿಂದಿನ ಚಕ್ರಕ್ಕೆ ಹೋಗುವ ಪೈಪು, 450 ಮಿ.ಮೀ.ಗಿಂತ ಗಿಡ್ಡವಾಗುವುದು ಬೇಡ, ಆದರೆ ಪ್ರತಿ ತುಳಿತಕ್ಕೂ ಹಿಮ್ಮಡಿ ಹಿಂದಿನ ಬ್ಯಾಗಿಗೆ ಬಡಿಯುತ್ತದೆ. ಟೈರು 26 ಇಂಚಿನದೇ ಇರಲಿ, 2 ಇಂಚು ದಪ್ಪ. ಅದರ ಟ್ಯೂಬು ಹುಡುಗರ ಗೇರ್ ಸೈಕಲ್ಲಿನ ಪುಣ್ಯದಿಂದ ಕಳಸದಂಥ ಸಣ್ಣ ಊರಿನಲ್ಲೂ ಸಿಕ್ಕೀತು. ಮಡ್‌ಗಾರ್ಡಿಗೂ ಟೈರಿಗೂ ನಡುವೆ 12 ಮಿ.ಮೀ.ನಷ್ಟಾದರೂ ಜಾಗ ಬೇಕು. ಇಲ್ಲದಿದ್ದರೆ ಎಸ್ಟೇಟ್ ದಾರಿಯ ಕೆಂಪು ಕೆಸರು ಒಳಗೆ ಮೆತ್ತಿಕೊಂಡು ಚಕ್ರ ನಿಲ್ಲುತ್ತದೆ. ಇಳಿದು ಕಡ್ಡಿ ಹಾಕಿ ಕೆರೆಯುವಷ್ಟರಲ್ಲಿ ಇಂಬಳ ಮೊಣಕಾಲಿಗೆ ಬಂದಿರುತ್ತದೆ. ಹಿಂದಿನ ಚಕ್ರಕ್ಕೆ 36 ಸ್ಪೋಕ್. ಮುರಿಯುವುದು ಹೆಚ್ಚಾಗಿ ಚೈನಿನ ಬದಿಯದ್ದೇ. ಹೊಸದು ಹಾಕಲು ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಬಿಚ್ಚಬೇಕು, ಅದರ ಟೂಲು ದಾರಿಯ ಪಂಚರ್ ಅಂಗಡಿಯಲ್ಲಿ ಇರುವುದಿಲ್ಲ. ಟೂಲು ಜೊತೆಗಿರಲಿ, ಬಿಡಿ ಸ್ಪೋಕ್ ಸಿಕ್ಕಿಸಿಡಲು ಚೈನ್‌ಸ್ಟೇ ಮೇಲೆ ಎರಡು ಸಣ್ಣ ಗೂಟ ಬೆಸೆದುಕೊಡಲು ಹೇಳಿ.

ಹಂಪುಗಳ ವಿಷಯ ಬೇರೆಯೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ನಮ್ಮವರು ಅಗಲದಲ್ಲಿ ಡಾಂಬರು ಉಳಿಸಿ ಎತ್ತರದಲ್ಲಿ ಧಾರಾಳವಾಗಿ ಸುರಿದಿದ್ದಾರೆ, ಬಿಳಿ ಬಣ್ಣದ ಖರ್ಚನ್ನಂತೂ ಪೂರ್ತಿ ಉಳಿಸಿದ್ದಾರೆ. ಹೇರಿದ ಸೈಕಲ್ ಅದರಿಂದ ಇಳಿಯುವಾಗ ತುಂಡಾಗುವುದು ಕ್ಯಾರಿಯರಿನ ಕೆಳಗಿನ 5 ಮಿ.ಮೀ. ಬೋಲ್ಟು. ಅಲ್ಲಿ 6 ಮಿ.ಮೀ. ಹಾಕಿಸಿ.

ಇನ್ನು ಸ್ಟೀಲ್ ಪುರಾಣ. "ಮುರಿದರೆ ಯಾವ ಹಳ್ಳಿಯಲ್ಲಾದರೂ ವೆಲ್ಡ್ ಮಾಡಿಸಬಹುದು" ಎನ್ನುತ್ತಾರೆ. ಹೀಗೆನ್ನುವವರು ನಮ್ಮ ಗ್ರಿಲ್ ಅಂಗಡಿ ನೋಡಿದವರಲ್ಲ. ಒಳ್ಳೆಯ ಫ್ರೇಮಿನ ಟ್ಯೂಬು ತುದಿಯಲ್ಲಿ 0.9 ಮಿ.ಮೀ. ದಪ್ಪ, ನಡುವೆ 0.6. ರೆನಾಲ್ಡ್ಸ್ ಕಂಪನಿಯ 531 ಟ್ಯೂಬು 1935ರಲ್ಲಿ ಬಂದದ್ದು ಇದೇ ಜಾತಿಯದ್ದು. ಗೇಟು, ಶೀಟು ಬೆಸೆಯುವ ಅಣ್ಣ ಅದೇ ಕರೆಂಟಿನಲ್ಲಿ 3.15 ಮಿ.ಮೀ. ರಾಡು ಮುಟ್ಟಿಸಿದರೆ 0.6 ಟ್ಯೂಬಿಗೆ ಮೊದಲು ತೂತು. ಆ ತೂತು ಮುಚ್ಚಲು ಹೋಗಿ ಪಕ್ಕದಲ್ಲಿ ಇನ್ನೊಂದು. ಕೊನೆಗೆ ಮೇಲೊಂದು ಪಟ್ಟಿ ಬೆಸೆದು "ಇನ್ನು ಏನೂ ಆಗಲ್ಲ ಸಾರ್" ಎನ್ನುತ್ತಾನೆ. ಆಗುತ್ತದೆ. ಮುಂದಿನ ಬಿರುಕು ಆ ಪಟ್ಟಿಯ ಅಂಚಿನಲ್ಲೇ ಶುರು. ಅದೇ ಅಣ್ಣನಿಗೆ ಹಿತ್ತಾಳೆ ಕಡ್ಡಿ, ಗ್ಯಾಸ್ ಕೊಟ್ಟು ಕ್ಯಾರಿಯರನ್ನೋ ಚಕ್ರದ ಅಚ್ಚು ಕೂರುವ ದಪ್ಪನೆಯ ಡ್ರಾಪ್‌ಔಟನ್ನೋ ಬೆಸೆಸಿ, ವರ್ಷಗಟ್ಟಲೆ ಬಾಳುತ್ತದೆ. ಎಲ್ಲಿಗೆ ಯಾವ ಬೆಸುಗೆ ಎಂಬುದಷ್ಟೇ ಪ್ರಶ್ನೆ.

"ಸ್ಟೀಲ್ ಮೆತ್ತಗೆ ಓಡುತ್ತೆ" ಎಂಬುದು ಇದೇ ಪುರಾಣದ ಎರಡನೇ ಅಧ್ಯಾಯ. ಅಗ್ಗದ ಸ್ಟೀಲಿಗೂ ದುಬಾರಿ ಸ್ಟೀಲಿಗೂ ಬಿಗಿತ ಹೆಚ್ಚುಕಮ್ಮಿ ಒಂದೇ. ದುಬಾರಿಯದಕ್ಕೆ ಗಟ್ಟಿತನ ಜಾಸ್ತಿ, ಹಾಗಾಗಿ ತೆಳ್ಳಗೆ ಎಳೆಯಬಹುದು, ಅಷ್ಟೇ. ಬೆನ್ನು ಉಳಿಸುವುದು ಟೈರಿನ ಗಾಳಿ. 2 ಇಂಚಿನ ಟೈರಿಗೆ 35–40 ಪಿ.ಎಸ್.ಐ. ಸಾಕು, ಕಲ್ಲಿನ ಹಾಗೆ ಹೊಡೆಯಬೇಡಿ.

ಗೇರು? ಅತಿ ಹಗುರದ್ದು ಮುಂದೆ 22 ಹಲ್ಲು, ಹಿಂದೆ 34. ಒಂದು ಸುತ್ತು ತುಳಿದರೆ ಸುಮಾರು 1.3 ಮೀಟರ್ ಮುಂದೆ. 1,930 ಮೀಟರಿನ ಮುಳ್ಳಯ್ಯನಗಿರಿಗೆ ಭಾನುವಾರ ಹೊರಟರೆ ಇಷ್ಟೇ ಸಾಕು, ಕೈಮರ ಚೆಕ್‌ಪೋಸ್ಟಿನಿಂದ ಮೇಲೆ ಸಾಲುಗಟ್ಟಿ ನಿಂತ ಕಾರುಗಳನ್ನು ಹಿಂದೆ ಹಾಕಬಹುದು. ಮಲೆನಾಡಿನ ಮಳೆ ಸೀಟ್ ಪೈಪಿನಿಂದ ಒಳಗಿಳಿದು ಪೆಡಲಿನ ಬುಡದ ಬಿ.ಬಿ. ಶೆಲ್ಲಿನಲ್ಲಿ ನಿಲ್ಲುತ್ತದೆ, ಫ್ರೇಮ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಶೆಲ್ಲಿನ ತಳಕ್ಕೆ ನೀರು ಇಳಿಯಲು ಒಂದು ತೂತು ಕೊರೆಸಿ, ಟ್ಯೂಬಿನೊಳಗೆ ಮೇಣದ ಲೇಪ ಹೊಡೆಸಿ.

ನೋಡಿ, 5 ಮಿ.ಮೀ. ತೂತು ಕೊರೆದು ನೀರು ಹೊರಹಾಕಬೇಕೆಂದು ಸೈಕಲ್ ಕಟ್ಟುವವನಿಗೆ ಗೊತ್ತು. ರಸ್ತೆ ಕಟ್ಟುವವರಿಗೆ ಗೊತ್ತಿಲ್ಲವೇ? ಚರಂಡಿ ಹೂಳು ತುಂಬಿ ಕಟ್ಟಿಕೊಂಡರೆ ನೀರು ಡಾಂಬರಿನ ಮೇಲೆ ನಿಲ್ಲುತ್ತದೆ, ಜಲ್ಲಿಯಿಂದ ಡಾಂಬರು ಬಿಡುತ್ತದೆ, ಮಿಕ್ಕಿದ್ದನ್ನು ಟಿಪ್ಪರ್ ಚಕ್ರ ಮುಗಿಸುತ್ತದೆ. ಮೇ ತಿಂಗಳಲ್ಲಿ ನಾಲ್ಕು ಜನ ಗುದ್ದಲಿ ಹಿಡಿದರೆ ಆಗುವ ಕೆಲಸ. ಇದನ್ನು ಪ್ರತಿ ವರ್ಷ ಬರೆದು ಬರೆದು ಸಾಕಾಗಿದೆ. ಲಕ್ಷ ಇದ್ದವನು ಟೈರು ದಪ್ಪ ಮಾಡಿಸಿಕೊಳ್ಳುತ್ತಾನೆ. 8ನೇ ತರಗತಿ ಮಕ್ಕಳಿಗೆ 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಕೊಟ್ಟಾಗಲೂ ಆ ಮಕ್ಕಳ ಕಾಲಿನ ಅಳತೆ ಯಾರೂ ತೆಗೆದಿರಲಿಲ್ಲ. ಅಕ್ಕನ ಹಳೇ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುವ ಹುಡುಗಿಗೆ ಕೆಸರುನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಹಿಂದೆ ಟಿಪ್ಪರ್ ಬರುತ್ತಿರುತ್ತದೆ.

ಆರ್ಡರ್ ಕೊಡುವವರು ಬೇಗ ಕೊಡಿ. ಕೈಕೆಲಸ, ತಿಂಗಳುಗಟ್ಟಲೆ ಕಾಯಿಸುತ್ತಾರೆ. ಫ್ರೇಮ್ ಕೈಗೆ ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆದಿರುತ್ತದೆ, ರಸ್ತೆಯ ಅಳತೆಯೂ ಬದಲಾಗಿರುತ್ತದೆ. ಫೋರ್ಕಿನಲ್ಲಿ 2 ಇಂಚಿನ ಟೈರಿಗೆಂದು ಜಾಗ ಹೇಳಿದ್ದರೆ ಈಗಲೇ ಫೋನ್ ಮಾಡಿ ಎರಡೂಕಾಲಿಗೆ ತಿದ್ದಿಸಿ.