ಉಪ್ಪಾಗೆ ಹಣ್ಣಾಗಲು ಬಿಡಿ ಮಾರಾಯ್ರೇ

ಇವತ್ತು ದೇವಿಮನೆ ಘಟ್ಟದ ಕಡೆಯಿಂದ ಶಿರಸಿಗೆ ಬರುವಾಗ ರಸ್ತೆ ಪಕ್ಕ ಉಪ್ಪಾಗೆ (ನಮ್ಮ ಘಟ್ಟದ ಕಾಡಿನ ಹುಳಿಹಣ್ಣಿನ ಮರ) ಟೊಂಗೆಗಳ ರಾಶಿ ಬಿದ್ದಿತ್ತು. ಕೊಕ್ಕೆ ಹಾಕಿ ಕೊಯ್ಯುವಷ್ಟೂ ಪುರುಸೊತ್ತಿಲ್ಲದೆ ಟೊಂಗೆಯನ್ನೇ ಕಡಿದಿದ್ದಾರೆ. ಕಾಯಿ ಇನ್ನೂ ಹಸಿರು. ಸಿಪ್ಪೆ ಬಿಡಿಸಿಕೊಂಡು ಬೀಜ ಅಲ್ಲೇ ಚೆಲ್ಲಿದ್ದಾರೆ. ಊಟ ಮುಗಿದರೂ ನನ್ನ ಸಿಟ್ಟು ಇಳಿದಿಲ್ಲ.

ಆ ಬೀಜದ ಬೆಲೆ ನಮ್ಮ ಕಡೆಯವರಿಗೆ ಗೊತ್ತಿಲ್ಲವಾ? ಬಲಿತ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಅದರ ಜಿಡ್ಡು, ಅಂದರೆ ಉಪ್ಪಾಗೆ ತುಪ್ಪ, ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ. ಅಜ್ಜಿ ದೋಸೆಗೆ ಅದನ್ನೇ ಹಾಕುತ್ತಿದ್ದಳು. ಒಡೆದ ಹಿಮ್ಮಡಿಗೂ ಅದೇ ಮದ್ದು. ಎಳೆಕಾಯಿ ಕೊಯ್ದರೆ ತುಪ್ಪವೂ ಇಲ್ಲ, ಸಸಿಯೂ ಇಲ್ಲ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡೋದು ಹೆಣ್ಣು ಮರ, ಕತ್ತಿ ಬೀಳೋದೂ ಅದಕ್ಕೇ.

2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿ.ಮೀ. ಕಾಡನ್ನು ಸಿಂಗಳೀಕ ಅನ್ನುವ ಅಪರೂಪದ ಮಂಗಕ್ಕಾಗಿ ಮೀಸಲಿಟ್ಟರು. ಸಿಂಗಳೀಕಕ್ಕೂ ಈ ಹಣ್ಣು ಬೇಕು. ಹಸಿರಲ್ಲೇ ಮರ ಬೋಳು ಮಾಡಿದರೆ ಅದು ಏನು ತಿನ್ನಬೇಕು?

ಇಷ್ಟು ಅವಸರ ಯಾಕೆ ಅಂದರೆ, ಸಿಪ್ಪೆಯಲ್ಲಿರುವ ಹುಳಿ ಆಮ್ಲ ಬೊಜ್ಜು ಇಳಿಸುತ್ತದೆ ಅಂತ ಹೊರದೇಶದಲ್ಲಿ ಮಾತ್ರೆ ಮಾಡಿ ಮಾರುತ್ತಾರೆ. 1998ರಲ್ಲೇ ಅಮೆರಿಕದಲ್ಲಿ 135 ಜನರನ್ನು 12 ವಾರ ಪರೀಕ್ಷಿಸಿ ನೋಡಿದ್ದರು. ಔಷಧವಿಲ್ಲದ ಬರೀ ಮಾತ್ರೆ ನುಂಗಿದವರಿಗಿಂತ ಉಪ್ಪಾಗೆ ಮಾತ್ರೆ ನುಂಗಿದವರ ತೂಕವೇನೂ ಜಾಸ್ತಿ ಇಳಿಯಲಿಲ್ಲ. ಅದಕ್ಕಾಗಿ ನಮ್ಮ ಮರ ಕಡಿಯಬೇಕಾ?

"ನಾನು ಬಿಟ್ಟರೆ ಇನ್ನೊಬ್ಬ ಕೊಯ್ತಾನೆ" ಅನ್ನುತ್ತಾರೆ. ಮಳೆಗಾಲದಲ್ಲಿ ಕೂಲಿ ಇಲ್ಲದ ಮನೆಗೆ ಈ ದುಡ್ಡು ಬೇಕು, ಒಪ್ಪುತ್ತೇನೆ. ಆದರೆ ಕಡಿದ ಟೊಂಗೆ ಮುಂದಿನ ವರ್ಷ ಯಾರಿಗೆ ದುಡ್ಡು ಕೊಡುತ್ತದೆ? ಊರವರು ಒಮ್ಮೆ ಕೂತು, ಇಂಥ ದಿನದವರೆಗೆ ಯಾರೂ ಮರ ಮುಟ್ಟೋದಿಲ್ಲ ಅಂತ ಮಾತಾಡಿಕೊಳ್ಳಿ. ಹಳದಿಯಾಗಿ ಬಿದ್ದದ್ದನ್ನು ಹೆಕ್ಕಿದರೆ ಸಿಪ್ಪೆಯೂ ಸಿಗುತ್ತದೆ, ಬೀಜವೂ ಸಿಗುತ್ತದೆ. ಒಂದಿಷ್ಟು ಮರದ ಬುಡದಲ್ಲೇ ಬಿಡಿ, ಅದು ಮಂಗನ ಪಾಲು, ಸಸಿಯ ಪಾಲು.

ಸಿಪ್ಪೆ ಒಣಗಿಸುವವರು ಬಲಿತ ಬೀಜ ಬೇಡವಾದರೆ ದಯವಿಟ್ಟು ಎಸೆಯಬೇಡಿ. ಒಂದು ಫೋನ್ ಮಾಡಿ, ಚೀಲ ತಗೊಂಡು ನಾನೇ ಬರುತ್ತೇನೆ.