ಟೈಲ್ಸ್ ಹಾಕುವ ಮೊದಲು ಫ್ರೈಬುರ್ಗ್ ಚರ್ಚ್ ನೋಡಿ

ಜರ್ಮನಿಗೆ ಬಂದ ನಮ್ಮವರೆಲ್ಲ ಕಲೋನ್ ಚರ್ಚ್ ಮುಂದೆ ಫೋಟೋ ತೆಗೆಸಿಕೊಂಡು ಹೋಗಿಬಿಡುತ್ತಾರೆ. ಊರಿಂದ ಯಾರಾದರೂ ಬಂದರೆ ನಾನು ಫ್ರೈಬುರ್ಗ್‌ಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಮ್ಯುನ್‌ಸ್ಟರ್ ಚರ್ಚ್ ಕೆಲಸ ಶುರುವಾಗಿದ್ದು 1200ರ ಸುಮಾರಿಗೆ, ಮುಗಿದಿದ್ದು 1513ರಲ್ಲಿ. ಗೋಪುರ 116 ಮೀಟರ್, ಅದರ ತುದಿಯನ್ನು ಜಾಲರಿ ಥರ ಕೊರೆದಿದ್ದಾರೆ, ಕಲ್ಲಿನ ಮಧ್ಯೆ ಆಕಾಶ ಕಾಣುತ್ತದೆ.

ನನಗೆ ಇಷ್ಟವಾಗಿದ್ದು ಕೆಳಗೆ, ಬಾಗಿಲ ಹತ್ತಿರದ ಗೋಡೆಯಲ್ಲಿರುವ ಗೆರೆಗಳು. ಬ್ರೆಡ್ ಎಷ್ಟು ದೊಡ್ಡದಿರಬೇಕು ಅಂತ ಕಲ್ಲಲ್ಲೇ ಕೆತ್ತಿ, 1270, 1317 ಅಂತ ಇಸವಿಯನ್ನೂ ಹಾಕಿದ್ದಾರೆ. ಚರ್ಚ್ ಮುಂದೆಯೇ ಸಂತೆ, ಈಗಲೂ ಭಾನುವಾರ ಬಿಟ್ಟು ದಿನಾ ನಡೆಯುತ್ತದೆ. ಬೇಕರಿಯವನು ಮೋಸ ಮಾಡಿದ ಅನಿಸಿದರೆ ತಂದು ಹಿಡಿದು ನೋಡಬಹುದಿತ್ತು! ಒಳಗಿನ ಬಣ್ಣದ ಗಾಜುಗಳಲ್ಲಿ ಕೊಡಿಸಿದವರ ಗುರುತಿದೆ. ಬೇಕರಿಯವರದ್ದರಲ್ಲಿ ಪ್ರೆಟ್ಜೆಲ್ ಅನ್ನೋ ಗಂಟು ಹಾಕಿದಂಥ ಬ್ರೆಡ್, ಚಪ್ಪಲಿ ಹೊಲಿಯುವವರದ್ದರಲ್ಲಿ ಬೂಟು. ನಮ್ಮ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸುತ್ತಾರಲ್ಲ, ಹಾಗೆ.

ಅಮ್ಮನಿಗೆ ಮಾತ್ರ ಬೂಟು ಹಾಕಿಕೊಂಡೇ ಒಳಗೆ ಹೋಗೋದು ಕೊನೆಗೂ ಸರಿಬರಲಿಲ್ಲ. ಭಾನುವಾರದ ಪೂಜೆಗೆ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ, ಜನ ತುಂಬಿರೋದರಲ್ಲಿ ನಮ್ಮ ದೇವಸ್ಥಾನಗಳೇ ಮೇಲು, ಒಪ್ಪುತ್ತೇನೆ.

ಆದರೆ ಹಳೇ ಕಲ್ಲನ್ನು ನೋಡಿಕೊಳ್ಳೋದರಲ್ಲಿ? ಈ ಚರ್ಚಿಗೆ ತನ್ನದೇ ಕಲ್ಲುಕೆಲಸದ ಶೆಡ್ ಇದೆ, ಕಲ್ಕುಟಿಗರು ವರ್ಷಪೂರ್ತಿ ಅಲ್ಲೇ ಕೆಲಸ ಮಾಡುತ್ತಾರೆ. ಸವೆದ ಕಲ್ಲನ್ನು ತೆಗೆದು ಅದೇ ಅಳತೆಯದ್ದನ್ನು ಕೆತ್ತಿ ಕೂರಿಸುತ್ತಾರೆ, ಹಳೇ ಮೂರ್ತಿಗಳು ಊರಿನ ಮ್ಯೂಸಿಯಮ್ಮಿಗೆ ಹೋಗುತ್ತವೆ. ಯುರೋಪಿನ ಇಂಥ ಶೆಡ್‌ಗಳ ಪದ್ಧತಿಯನ್ನು 2020ರಲ್ಲಿ ಯುನೆಸ್ಕೋ ಒಳ್ಳೆಯ ಮಾದರಿ ಅಂತ ಪಟ್ಟಿಗೆ ಸೇರಿಸಿತು.

ಬೇಲೂರಿನಂಥವನ್ನು ಪುರಾತತ್ವ ಇಲಾಖೆ ಕಾಯುತ್ತದೆ, ಸರಿ. ಊರೂರಿನ ಸಣ್ಣ ಗುಡಿಗಳ ಗತಿ ನೋಡಿ. ಜೀರ್ಣೋದ್ಧಾರ ಅಂದ ಕೂಡಲೇ ಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಟೈಲ್ಸು, ಮುಂದೊಂದು ಸ್ಟೀಲ್ ಗ್ರಿಲ್ಲು. ಶಾಸನದ ಕಲ್ಲಿನ ಮೇಲೂ ಸುಣ್ಣ. ಭಕ್ತಿ ಇಲ್ಲ ಅಂತಲ್ಲ, ದುಡ್ಡೂ ಇಲ್ಲ ಅಂತಲ್ಲ. ಕಲ್ಲಿನ ಕೆಲಸ ಗೊತ್ತಿರುವವರನ್ನು ಯಾರೂ ಕೇಳೋದೇ ಇಲ್ಲ, ಅಷ್ಟೇ. ಹಿಂದೆ ಹೊಯ್ಸಳರ ಗುಡಿ ಕೆತ್ತಿದವರು ತಮ್ಮ ಹೆಸರನ್ನೇ ಕಲ್ಲಲ್ಲಿ ಬರೆದುಹೋದರು, ಈಗ ಗ್ರಿಲ್ ಮೇಲೆ ಕಮಿಟಿ ಅಧ್ಯಕ್ಷರ ಹೆಸರು! ಕೋಲಾರದ ಶಿವಾರಪಟ್ಟಣದಲ್ಲಿ, ಕಾರ್ಕಳದಲ್ಲಿ ಇವತ್ತಿಗೂ ಶಿಲ್ಪಿಗಳಿದ್ದಾರೆ. ತಾಲ್ಲೂಕಿನ ಗುಡಿಗಳೆಲ್ಲ ಸೇರಿ ಹುಂಡಿ ದುಡ್ಡಲ್ಲಿ ಇಬ್ಬರಿಗೆ ತಿಂಗಳ ಸಂಬಳ ಕೊಟ್ಟು ಇಟ್ಟುಕೊಳ್ಳೋಕೆ ಆಗಲ್ವಾ?